ದಣಿಯ ಮಾಂಸ

ಆ ಮನೆಯಲ್ಲಿ ಮೂಗು ಅಂತ ಇದ್ದದ್ದು ಅಜ್ಜಿಗೊಬ್ಬಳಿಗೇ. ಮಿಕ್ಕವರ ಮುಖದ ಮೇಲಿರುವುದು ಬರೀ ಉಬ್ಬು ಎಂದು ಅವಳೇ ಹೇಳಿಕೊಂಡು ತಿರುಗುತ್ತಿದ್ದಳು. ಸುಳ್ಳೇನಲ್ಲ. ನಲವತ್ತು ವರ್ಷ ಹಂದಿ ಸಾಕಿದ ಮನೆ ಅದು. ಮಾಂಸ ಉಪ್ಪು ಹಾಕಿಟ್ಟ ಪೀಪಾಯಿಯ ಮುಚ್ಚಳವನ್ನು ಬೆರಳಷ್ಟು ಸರಿಸಿ, ಒಂದೇ ಒಂದು ಸಲ ಉಸಿರೆಳೆದುಕೊಂಡು, "ಇನ್ನೆರಡು ದಿನ, ಅಷ್ಟರೊಳಗೆ ಮುಗಿಸಿ" ಅಂದಳೆಂದರೆ ಮೂರನೆಯ ದಿನ ಅದು ಕೆಟ್ಟೇ ಕೆಡುತ್ತಿತ್ತು. ಕಲ್ಲು ಕ್ವಾರಿಯ ಕೂಲಿಗಳಿಗೆ ಊಟ ಹಾಕುವ ಮೆಸ್ಸಿನ ಯಜಮಾನಿ ವಾರಕ್ಕೆ ನಾಲ್ಕು ಬಕೆಟ್ ಖೀಮಾ ತೆಗೆದುಕೊಳ್ಳುತ್ತಿದ್ದದ್ದೂ ಈ ಮೂಗನ್ನು ನಂಬಿಯೇ. "ಅಜ್ಜಿ ಮೂಸಿದ್ದಾಳಾ?" ಎಂದು ಕೇಳುತ್ತಿದ್ದಳು. ಹೂಂ ಅಂದರೆ ಮುಚ್ಚಳ ತೆಗೆದೂ ನೋಡುತ್ತಿರಲಿಲ್ಲ. ಖೀಮಾ ಕೊಟ್ಟು ವಾಪಸ್ ಬರುವಾಗ ಮೆಸ್ಸಿನ ಮುಸುರೆಯನ್ನು ಡ್ರಮ್ಮಿಗೆ ತುಂಬಿಸಿಕೊಂಡು ಬಂದರೆ ಹಂದಿಗಳ ಹೊಟ್ಟೆಗೂ ಆಯಿತು. ಮನೆ ನಡೆಯುತ್ತಿದ್ದದ್ದೇ ಆ ಒಂದು ಮೆಸ್ಸಿನಿಂದ.

ನಾಲ್ಕು ತಿಂಗಳ ಹಿಂದೆ ಅಜ್ಜಿಗೆ ಜ್ವರ ಬಂತು. ವಾರ ಮಲಗಿ ಎದ್ದಳು. ಎದ್ದ ಬೆಳಿಗ್ಗೆಯೇ ಒಲೆಗೆ ಬೆನ್ನು ಹಾಕಿ ಕೂತು ಸೊಪ್ಪು ಬಿಡಿಸುತ್ತಿದ್ದಾಗ ಹಾಲು ಉಕ್ಕಿ, ಸೀದು, ಪಾತ್ರೆ ಕರ್ರಗಾಗುವ ತನಕ ಅವಳಿಗೆ ಗೊತ್ತೇ ಆಗಲಿಲ್ಲ. ಹಿತ್ತಲಿಂದ ಸೊಸೆ ಓಡಿ ಬಂದಳು.

"ಅತ್ತೆ! ಪಕ್ಕದಲ್ಲೇ ಕೂತಿದ್ದೀರಲ್ಲ!"

"ಕಣ್ಣು ಹತ್ತಿತ್ತು ಕಣೇ," ಅಂದಳು ಅಜ್ಜಿ.

ಅವತ್ತಿನಿಂದ ಶುರುವಾಯಿತು ಕಳ್ಳಾಟ. ಒಗ್ಗರಣೆಯನ್ನು ಕಿವಿಯಿಂದ ನೋಡಿಕೊಂಡಳು, ಅನ್ನವನ್ನು ಕಣ್ಣಿಂದ. ಹತ್ತು ವರ್ಷದ ಮೊಮ್ಮಗಳು ಶಾಲೆಯಿಂದ ಬಂದಾಗ, "ಪುಟ್ಟಿ, ಇವತ್ತು ಏನಡುಗೆ ಹೇಳು ನೋಡೋಣ, ನಿನ್ನ ಮೂಗು ನನ್ನಷ್ಟು ಚುರುಕಿದೆಯೋ ಇಲ್ವೋ!" ಎಂದು ಆಟ ಕಟ್ಟಿದಳು. ಪುಟ್ಟಿ ಕುಣಿಯುತ್ತ ಹೇಳುತ್ತಿದ್ದಳು, ಅಜ್ಜಿ ತಲೆಯಾಡಿಸುತ್ತಿದ್ದಳು. ಪೀಪಾಯಿಯ ಹತ್ತಿರಕ್ಕೂ ಪುಟ್ಟಿಯನ್ನೇ ಎಳೆದುಕೊಂಡು ಹೋಗುತ್ತಿದ್ದಳು. ಮಗುವಿನ ಮೂಗಿನ ತುದಿ ಸುಕ್ಕಾಯಿತೋ ಇಲ್ಲವೋ ನೋಡಿ, ಆಮೇಲೆ ತೀರ್ಪು. ನಾಲ್ಕು ತಿಂಗಳು ಆಟ ಬಯಲಾಗಲಿಲ್ಲ.

ಅಷ್ಟರಲ್ಲಿ ಸುತ್ತಮುತ್ತ ಹಂದಿ ಜ್ವರ ಎದ್ದಿತು. ಜೀವಂತ ಹಂದಿ ಮಾರುವ ಹಾಗಿಲ್ಲ, ಕೊಳ್ಳುವ ಹಾಗಿಲ್ಲ, ಗಾಡಿಗೆ ಹತ್ತಿಸುವ ಹಾಗೂ ಇಲ್ಲ ಎಂದು ಹುಕುಂ ಆಯಿತು. ಮರಿಗಳನ್ನು ಮಾರಿ ಹಿಂಡಿ, ಬೂಸಾ ತರುತ್ತಿದ್ದ ಮನೆಗೆ ಬಾಗಿಲು ಹಾಕಿದ ಹಾಗಾಯಿತು. ಕೊಯ್ಯಲು ಬಂದಿದ್ದವನ್ನೆಲ್ಲ ಒಂದೊಂದಾಗಿ ಕೊಯ್ದು ಮೆಸ್ಸಿಗೆ ಹಾಕಿದ್ದಾಯಿತು. ಕೊನೆಗೆ ಕೊಟ್ಟಿಗೆಯಲ್ಲಿ ಉಳಿದದ್ದು ನಾಲ್ಕು. ಎರಡು ಎಳೆಯ ಹೆಣ್ಣು, ಒಂದು ಮುದಿ ಹೆಣ್ಣು, ಒಂದು ಮುದಿ ಗಂಡು. ಮುದಿ ಹೆಣ್ಣಿಗೆ 'ಬಾಣಂತಿ' ಅಂತಲೇ ಹೆಸರು, ಯಾವಾಗ ನೋಡಿದರೂ ಹೆತ್ತು ಮಲಗಿರುತ್ತಿತ್ತು. ಗಂಡಿಗೆ 'ದಣಿ'. ಆರು ವರ್ಷದಿಂದ ಹತ್ತಿ ಇಳಿಯುವುದೊಂದನ್ನು ಬಿಟ್ಟರೆ ಬೇರೆ ಕೆಲಸ ಮಾಡಿದ್ದಲ್ಲ.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಮಗ ಮಾತು ತೆಗೆದ.

"ಇರೋ ಮುಸುರೆ ಎರಡಕ್ಕೆ ಸಾಕಾಗುತ್ತೆ, ನಾಲ್ಕಕ್ಕೆ ಆಗಲ್ಲ. ಎಳೇವು ಇರಲಿ, ಗಬ್ಬ ಆಗಿವೆ. ಮುದಿಯವೆರಡನ್ನೂ ಕಡಿದುಬಿಡೋಣ."

"ಬಾಣಂತಿ ಸರಿ, ದಣಿ ಮಾಂಸ ಯಾರ್ರೀ ತಿಂತಾರೆ?" ಅಂದಳು ಸೊಸೆ. "ಬೀಜದ ಗಂಡಿನ ನಾತ ಮಾಂಸಕ್ಕೂ ಇಳಿದಿರುತ್ತೆ. ಅದು ಬೇಲಿ ಆಚೆ ನಿಂತಿದ್ರೂ ನಾನು ಇಲ್ಲಿ ಮೂಗು ಮುಚ್ಕೋಬೇಕು."

"ನನಗೇನೂ ಗೊತ್ತೇ ಆಗಲ್ಲಪ್ಪ," ಅಂದ ಮಗ.

"ನಿಮಗೆ ಯಾವುದು ತಾನೇ ಗೊತ್ತಾಗುತ್ತೆ?"

ಪುಟ್ಟಿ ಕಿಸಕ್ಕೆಂದಳು. ಮಗ ತಟ್ಟೆಯಿಂದ ತಲೆ ಎತ್ತಲಿಲ್ಲ. "ದನದ ಆಸ್ಪತ್ರೆ ಕಾಂಪೌಂಡರ್‌ನ ಕೇಳಿದೆ. ಬೀಜ ತೆಗೆಸಿ ಎರಡು ತಿಂಗಳು ಬಿಟ್ರೆ ವಾಸನೆ ಹೋಗುತ್ತಂತೆ. ಎರಡು ತಿಂಗಳು ಅದಕ್ಕೆ ಏನು ಹಾಕೋದು, ನನ್ನ ತಲೇನಾ? ಎಲ್ಲಾ ಗಂಡೂ ನಾರಲ್ಲವಂತೆ. ಕಡಿದ ಮೇಲೆ ಅಮ್ಮ ಮೂಸಿ ಹೇಳಲಿ. ನಾರಿದ್ರೆ ಹೂಳೋಣ."

ಅಜ್ಜಿ ಅನ್ನ ಕಲಸುತ್ತಲೇ ಇದ್ದಳು.

"ಇನ್ನೊಂದು ಮಾತು," ಅಂದ ಮಗ. "ಅಮ್ಮ, ನೀನು ಸ್ವಲ್ಪ ದಿನ ಅಕ್ಕನ ಮನೇಲಿ ಇದ್ದು ಬಾ. ಒಂದು ಹೊಟ್ಟೆಯಾದ್ರೂ ಅತ್ತ ಹೋದ್ರೆ..."

ಅಕ್ಕನ ಮನೆ ಅಂದರೆ ಎರಡು ಕೋಣೆ, ಏಳು ಜನ. ಹಿಂದಿನ ಸಲ ಹೋದಾಗ ಅಜ್ಜಿ ಬಚ್ಚಲ ಬಾಗಿಲಿನ ಮುಂದೆ ಮಲಗಿದ್ದಳು. ಯಾರು ಎದ್ದರೂ ಅವಳನ್ನು ದಾಟಿಕೊಂಡೇ ಹೋಗಬೇಕು.

"ಅತ್ತೆ ಹೋದ್ರೆ ಮೂಸೋರು ಯಾರು?" ಅಂದಳು ಸೊಸೆ, ಸಾರಿನ ಸೌಟು ಹಿಡಿದುಕೊಂಡೇ. "ಮೆಸ್ಸಿನವಳು ನಿಮ್ಮ ಮುಖ ನೋಡಿ ತಗೊಳ್ತಾಳೇನ್ರೀ?"

ಮಗ ಯೋಚನೆ ಮಾಡಿದ. "ಅದೂ ನಿಜ," ಅಂದ. "ಬೇಡ ಬಿಡು, ಇರು."

ಅಜ್ಜಿ ಕಲಸಿದ ಅನ್ನವನ್ನು ತಟ್ಟೆಯಲ್ಲೇ ಬಿಟ್ಟು ಕೈ ತೊಳೆಯಲು ಎದ್ದಳು.

ಮುಂದಿನ ವಾರ ಬಾಣಂತಿಯ ಪಾಳಿ. ಕೊಯ್ದು, ಸುಲಿದು, ಸೀಳಿ, ಹುಣಸೆ ಮರದ ಕೊಂಬೆಗೆ ಕಟ್ಟಿದರು. ಅಜ್ಜಿಯ ಪರೀಕ್ಷೆಯ ಕ್ರಮ ಹಳೆಯದು. ಕಬ್ಬಿಣದ ಸಲಾಕೆಯನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ ಕತ್ತಿನ ಕೊಬ್ಬಿಗೆ ಚುಚ್ಚುವುದು, ಏಳುವ ಹೊಗೆಗೆ ಮೂಗು ಕೊಡುವುದು. ಮಾಂಸದಲ್ಲಿ ಇರುವ ಕೆಟ್ಟದ್ದೆಲ್ಲ ಆ ಹೊಗೆಯಲ್ಲಿ ಬಂದುಬಿಡುತ್ತದೆ. ಅವತ್ತು ಭಾನುವಾರ, ಪುಟ್ಟಿ ಪಕ್ಕದಲ್ಲೇ ಇದ್ದಳು. ಚುಂಯ್ ಅಂತು. ಅಜ್ಜಿ ಬಗ್ಗಿ ಮೂರು ಸಲ ಉಸಿರೆಳೆದಳು, ಓರೆಗಣ್ಣಲ್ಲಿ ಮಗುವನ್ನು ನೋಡಿದಳು. ಪುಟ್ಟಿ ನಾಲಿಗೆ ಚಪ್ಪರಿಸುತ್ತಿದ್ದಳು.

"ಚೊಕ್ಕ," ಅಂದಳು ಅಜ್ಜಿ.

ಬಾಣಂತಿಯ ಮಾಂಸ ಹಳೇ ಚಪ್ಪಲಿಯ ಹಾಗಿತ್ತು. ಮೂರು ಗಂಟೆ ಬೇಯಿಸಿದರೂ ಹಲ್ಲಿಗೆ ಎದುರು ಮಾತಾಡುತ್ತಿತ್ತು. ಆದರೆ ಖೀಮಾ ಮಾಡಿದರೆ ರುಚಿಗೆ ಎಳೆಯದು ಹತ್ತಿರ ಸುಳಿಯುವಂತಿರಲಿಲ್ಲ. ಮೆಸ್ಸಿನ ಯಜಮಾನಿ ಹೇಳಿ ಕಳಿಸಿದಳು, ಇದೇ ಥರದ್ದು ಇನ್ನೂ ಇದ್ದರೆ ಕೊಡಿ ಅಂತ. ಎರಡು ವಾರ ಆ ಮನೆಯಲ್ಲಿ ಯಾರೂ ಯಾರ ಮೇಲೂ ಕೂಗಲಿಲ್ಲ. ಬಾಣಂತಿಯ ಅರ್ಧ ಮಾಂಸ ಪೀಪಾಯಿಯಲ್ಲಿ ಉಪ್ಪು ಹೀರಿಕೊಂಡು ಕೂತಿತ್ತು.

ಆಮೇಲೆ ದಣಿಯ ದಿನ ಬಂತು.

ಅದು ವಾರದ ನಡು, ಪುಟ್ಟಿಗೆ ಶಾಲೆ. ಅಜ್ಜಿ ಬೆಳಿಗ್ಗೆಯಿಂದ, "ಮಗೂ, ಇವತ್ತೊಂದಿನ ಇರು, ಹೊಟ್ಟೆನೋವು ಅಂತ ಹೇಳಿದ್ರಾಯ್ತು" ಎಂದು ಗೋಗರೆದಳು. ಪರೀಕ್ಷೆ ಇದೆ ಎಂದು ಪುಟ್ಟಿ ಓಡಿಹೋದಳು. ಉಳಿದವಳು ಸೊಸೆ. ಸೊಸೆಯ ಮುಖ ನೋಡಿದರೆ ಸಾಕಿತ್ತು, ದಣಿಯ ಹಣೆಬರಹ ಅದರಲ್ಲೇ ಬರೆದಿರುತ್ತಿತ್ತು. ಆದರೆ ಸೊಸೆ ಕಿಲಾಡಿ. ಸೀದ ಹಾಲಿನ ದಿನದಿಂದ ಅತ್ತೆಯ ಮೇಲೆ ಒಂದು ಕಣ್ಣಿಟ್ಟೇ ಇದ್ದಳು.

"ನೀನು ಯಾಕೆ ಇಲ್ಲಿ ನಿಂತಿದ್ದೀಯ? ಹೋಗು, ಬಟ್ಟೆ ಒಗೆದುಕೊಂಡು ಬಾ," ಅಂದಳು ಅಜ್ಜಿ.

"ಬಟ್ಟೆ ಎಲ್ಲಿಗೆ ಓಡಿಹೋಗುತ್ತೆ? ಇದೊಂದು ನೋಡಿಕೊಂಡು ಹೋಗ್ತೀನಿ."

"ನಾನು ಮೂಸೋದನ್ನ ನೀನೇನು ನೋಡೋದು? ನನ್ನ ಮೇಲೆ ನಂಬಿಕೆ ಇಲ್ವಾ? ಹೇಳು, ಇಲ್ಲ ಅಂತ ಹೇಳು! ಇವತ್ತೇ ಮಗಳ ಮನೆಗೆ ಹೋಗ್ತೀನಿ."

"ಅಯ್ಯೋ, ಬೆಳಿಗ್ಗೆ ಬೆಳಿಗ್ಗೆ ಏನತ್ತೆ ಇದು!" ಸೊಸೆ ಬಕೆಟ್ ಎತ್ತಿಕೊಂಡು ಕೆರೆಯ ಕಡೆ ಹೊರಟುಹೋದಳು.

ಉಳಿದವರು ಅಜ್ಜಿ ಮತ್ತು ಮಗ. ದಣಿ ಮರದ ಕೊಂಬೆಯನ್ನೇ ಬಗ್ಗಿಸಿಕೊಂಡು ತೂಗುತ್ತಿತ್ತು. ಮಗ ಸಲಾಕೆ ಚುಚ್ಚಿದ. ಹೊಗೆ ದಟ್ಟವಾಗಿ ಎದ್ದು ಇಬ್ಬರ ಮುಖಕ್ಕೂ ಅಡರಿತು. ಅಜ್ಜಿ ಬಗ್ಗಿದಳು. ಬಿಸಿ ತಾಗಿತು, ಕಣ್ಣು ಉರಿಯಿತು. ಅಷ್ಟೇ. ಅವಳು ಮಗನ ಮುಖ ನೋಡಿದಳು, ಇಷ್ಟು ಹೊಗೆಗೆ ಅವನ ಮೂಗಾದರೂ ಸುಕ್ಕಾಗಲೇಬೇಕು. ಹೊಗೆಯ ನಡುವೆ ನಿಂತು ಅವನು ಆರಾಮಾಗಿ ಬೀಡಿ ಹಚ್ಚುತ್ತಿದ್ದ. ಒಂದು ಸುಕ್ಕಿಲ್ಲ, ಒಂದು ಕೆಮ್ಮಿಲ್ಲ.

"ಇನ್ನೊಂದು ಸಲ ಚುಚ್ಚು," ಅಂದಳು.

ಚುಚ್ಚಿದ. "ಹೇಗಿದೆಯಮ್ಮ?"

ಅಜ್ಜಿ ಮತ್ತೆ ಅವನನ್ನೇ ನೋಡಿದಳು. ಅವನು ಮೂಗಿನಿಂದಲೇ ಹೊಗೆ ಬಿಡುತ್ತಿದ್ದ.

"ಚೊಕ್ಕ."

"ನಾನು ಹೇಳಲಿಲ್ವಾ! ಎಲ್ಲಾ ಗಂಡೂ ನಾರಲ್ಲ," ಎಂದು ಮಗ ಕತ್ತಿ ಮಸೆಯತೊಡಗಿದ. ದಣಿಯ ಮಾಂಸ ಗಟ್ಟಿ ಎಂದು ಬಾಣಂತಿಯ ಉಳಿದ ಕೊಬ್ಬು, ತೊಡೆ ಎಲ್ಲವನ್ನೂ ಪೀಪಾಯಿಯಿಂದ ತೆಗೆದು, ಎರಡನ್ನೂ ಸೇರಿಸಿ ಖೀಮಾ ಯಂತ್ರಕ್ಕೆ ಹಾಕಿದ. ಸೊಸೆ ಒದ್ದೆ ಬಟ್ಟೆ ಹೊತ್ತು ಬರುವ ಹೊತ್ತಿಗೆ ನಾಲ್ಕು ಬಕೆಟ್ ತುಂಬಿ, ಮೆಣಸು ಬೆಳ್ಳುಳ್ಳಿ ಬಿದ್ದು, ಮುಚ್ಚಳ ಬಿಗಿದು ಗಾಡಿ ಹತ್ತಿ ಆಗಿತ್ತು. ಮಿಕ್ಕ ದಣಿ ಉಪ್ಪಿನೊಳಗೆ. ಹಸಿ ಮಾಂಸ ಅಷ್ಟಾಗಿ ನಾರುವುದಿಲ್ಲ, ಬೆಂಕಿ ಕಂಡಾಗಲೇ ಅದರ ಬಣ್ಣ ಬಯಲು. ಸೊಸೆ ಅಂಗಳದಲ್ಲಿ ನಿಂತು ಎರಡು ಸಲ ಗಾಳಿ ಎಳೆದಳು, "ಏನೋ ಒಂಥರಾ ಇದೆಯಲ್ಲ" ಅಂದಳು. "ಅದರ ಕೊಟ್ಟಿಗೆ ಇನ್ನೂ ತೊಳೆದಿಲ್ಲ," ಅಂದಳು ಅಜ್ಜಿ.

ಮಾರನೆಯ ದಿನ ಊಟದ ಹೊತ್ತು ಮುಗಿಯುತ್ತಿದ್ದ ಹಾಗೆ ಮೆಸ್ಸಿನ ಯಜಮಾನಿ ಟೆಂಪೋ ಮಾಡಿಕೊಂಡು ಬಂದಳು. ನಾಲ್ಕು ಬಕೆಟ್ಟನ್ನೂ ಅಂಗಳದಲ್ಲಿ ಧಡಕ್ಕನೆ ಇಳಿಸಿದಳು. ಒಂದು ಬಕೆಟ್ಟಿನಲ್ಲಿ ಬೇಯಿಸಿದ್ದೇ ಇತ್ತು. ಮುಚ್ಚಳ ತೆಗೆದದ್ದೇ ತಡ, ಸೊಸೆ ಸೆರಗನ್ನು ಬಾಯಿಗೆ ತುರುಕಿಕೊಂಡು ಬಚ್ಚಲಿಗೆ ಓಡಿದಳು.

"ನೋಡು, ನಿನ್ನ ಸೊಸೆಗೇ ತಡೆಯೋಕಾಗ್ತಿಲ್ಲ," ಅಂದಳು ಯಜಮಾನಿ. "ಉಚ್ಚೆ ಗುಂಡೀಲಿ ಮಾಂಸ ಬೇಯಿಸಿದ ಹಾಗಿದೆ! ನಲವತ್ತೈದು ಜನ ತಟ್ಟೆ ಎಸೆದ್ರು. ಒಬ್ಬ ನನ್ನ ಮುಖಕ್ಕೇ ಎಸೆದ."

ಮಗ ಬಕೆಟ್ಟಿಗೆ ಕೈ ಹಾಕಿ ಒಂದು ಹಿಡಿ ಬಾಯಿಗೆ ಹಾಕಿಕೊಂಡ. "ಏನಾಗಿದೆ ಇದಕ್ಕೆ? ಚೆನ್ನಾಗೇ ಇದೆಯಲ್ರೀ."

"ನಿನ್ನಂಥೋರು ನನ್ನ ಮೆಸ್ಸಲ್ಲೂ ಹತ್ತು ಹದಿನೈದು ಜನ ಇದ್ದಾರೆ ಕಣಯ್ಯ, ಅದನ್ನ ಬೇಯಿಸಿದ ಹುಡುಗನೂ ಸೇರಿ. ಮಿಕ್ಕಿದ್ದೆಲ್ಲ ವಾಸನೆ ಗೊತ್ತಾಗುತ್ತೆ, ಗಂಡು ಹಂದೀದು ಮಾತ್ರ ಹುಟ್ಟಿದಾಗಿಂದ ಅವರ ಮೂಗಿಗೆ ಹತ್ತಲ್ಲ. ಎರಡೆರಡು ಸಲ ಹಾಕಿಸ್ಕೊಂಡು ತಿಂದು, ಯಾಕೆ ಗಲಾಟೆ ಅಂತ ನನ್ನನ್ನೇ ಕೇಳಿದ್ರು."

ಅಜ್ಜಿ ಮಗನನ್ನೇ ನೋಡುತ್ತ ನಿಂತಳು. ಅವನು ಬೆರಳು ನೆಕ್ಕಿಕೊಳ್ಳುತ್ತಿದ್ದ. ಚಿಕ್ಕಂದಿನಲ್ಲಿ ಗಂಡು ಹಂದಿಯ ಕೊಟ್ಟಿಗೆಯಲ್ಲೇ ಮಲಗಿ ನಿದ್ದೆ ಮಾಡುತ್ತಿದ್ದ ಹುಡುಗ. ರೂಢಿಯಾಗಿದೆ ಎಂದು ಅವಳು ನಲವತ್ತು ವರ್ಷ ಅಂದುಕೊಂಡಿದ್ದಳು.

"ಅವನ ಕಥೆ ಬಿಡು. ನೀನು ಹೇಳು ಅಜ್ಜಿ." ಯಜಮಾನಿ ಸೊಂಟದ ಮೇಲೆ ಕೈಯಿಟ್ಟಳು. "ಗೊತ್ತಿದ್ದೇ ಕಳಿಸಿದ್ಯಾ, ಗೊತ್ತಿಲ್ದೆ ಕಳಿಸಿದ್ಯಾ?"

ಸೊಸೆ ಬಾಯಿ ತೊಳೆದುಕೊಂಡು ಬಚ್ಚಲ ಬಾಗಿಲಲ್ಲಿ ನಿಂತಿದ್ದಳು. ಮಗ ನೋಡುತ್ತಿದ್ದ. ಗೊತ್ತಿರಲಿಲ್ಲ ಅಂದರೆ, ಯಾಕೆ ಗೊತ್ತಿರಲಿಲ್ಲ ಅಂತ ಮುಂದಿನ ಪ್ರಶ್ನೆ.

"ಗೊತ್ತಿತ್ತು," ಅಂದಳು ಅಜ್ಜಿ. "ನನ್ನ ಮೂಗಿಗೆ ತಿಳಿಯದೆ ಇರುತ್ತಾ? ಖಾರ ಜಾಸ್ತಿ ಹಾಕಿದ್ರೆ ಮುಚ್ಚಿಹೋಗುತ್ತೆ ಅಂದ್ಕೊಂಡೆ."

ಯಜಮಾನಿ ಸೊಂಟದ ಮೇಲಿಂದ ಕೈ ತೆಗೆದಳು. ಆಮೇಲೆ, "ಮೂಗು ಕಟ್ಟಿತ್ತು ಅಂತ ಒಂದು ಸುಳ್ಳಾದ್ರೂ ಹೇಳಬಾರದಿತ್ತಾ ಅಜ್ಜಿ? ಬೈದು ಸುಮ್ಮನಾಗ್ತಿದ್ದೆ," ಎಂದು ಟೆಂಪೋ ಹತ್ತಿದಳು. "ನಾಳೆಯಿಂದ ಮುಸುರೆಗೂ ಬರಬೇಡಿ."

ಟೆಂಪೋ ತಿರುವು ದಾಟಿರಲಿಲ್ಲ, ಮನೆಯಲ್ಲಿ ಕೂಗಾಟ ಎದ್ದಿತು.

"ಗೊತ್ತಿದ್ದೂ ಕಳಿಸಿದ್ಯಾ? ನನ್ನ ಕೈಲಿ ಬಾಣಂತೀನೂ ಸೇರಿಸಿ ಹಾಳು ಮಾಡಿಸಿದ್ಯಾ?" ಎಂದು ಮಗ ಬಕೆಟ್ಟಿಗೆ ಒದ್ದ.

"ಹೂಳೋಕೆ ಮನಸ್ಸು ಬರಲಿಲ್ಲ ಕಣೋ. ಅಷ್ಟೊಂದು ಮಾಂಸ..."

"ಈಗ ಏನು ತಿಂತೀಯ? ಮಣ್ಣಾ?"

"ಸಾಕು ಬಿಡ್ರೀ," ಅಂದಳು ಸೊಸೆ. ಅವಳು ಅತ್ತೆಯನ್ನೇ ನೋಡುತ್ತಿದ್ದಳು. "ಅತ್ತೆ ಜಿಪುಣಿ ಹೌದು, ಮೋಸಗಾತಿ ಅಲ್ಲ. ಇದರಲ್ಲಿ ಏನೋ ಇದೆ."

"ಏನೂ ಇಲ್ಲ," ಅಂದಳು ಅಜ್ಜಿ.

ವಾಪಸ್ ಬಂದ ಖೀಮಾ ರಾತ್ರಿಯೊಳಗೆ ಕೆಟ್ಟು ಮಣ್ಣಿಗೆ ಹೋಯಿತು, ತಿನ್ನಲು ಮನೆಯಲ್ಲಿ ಉಳಿದದ್ದು ಉಪ್ಪಿನೊಳಗಿನ ದಣಿಯೊಂದೇ. ಅಕ್ಕಿ ಡಬ್ಬದ ತಳ ಕಾಣಿಸುತ್ತಿತ್ತು, ಹಿತ್ತಲ ಸೊಪ್ಪು ಹಂದಿಗಳಿಗೇ ಸಾಲುತ್ತಿರಲಿಲ್ಲ. ಮಗ ಗೋದಾಮಿಗೆ ಮೂಟೆ ಹೊರಲು ಹೋದ. ಕೆಲಸ ಒಂದು ದಿನ ಉಂಟು, ಎರಡು ದಿನ ಇಲ್ಲ. ಸೊಸೆ ಒದ್ದೆ ಬಟ್ಟೆಯನ್ನು ಮೂಗಿಗೆ ಕಟ್ಟಿಕೊಂಡು, ಬಾಗಿಲು ಕಿಟಕಿ ತೆರೆದಿಟ್ಟು ದಣಿಯನ್ನು ಬೇಯಿಸಿದಳು. ಮೊದಲ ದಿನ ಪುಟ್ಟಿ ಒಂದು ತುತ್ತು ಬಾಯಿಗಿಟ್ಟು ತಟ್ಟೆಗೇ ಉಗಿದಳು. ಅಪ್ಪ ಗದರಿದ. "ರಾಜಕುಮಾರಿ! ನಾನು ತಿಂತಿಲ್ವಾ?" ಪುಟ್ಟಿ ಅಳುತ್ತ ಇನ್ನೊಂದು ತುತ್ತು ತಿಂದಳು. ಅದೂ ಹೊರಗೆ ಬಂತು.

ಮೂರನೆಯ ದಿನ ಸೊಸೆಯೇ ಕಣ್ಣು ಮುಚ್ಚಿ, ಉಸಿರು ಕಟ್ಟಿ ನಾಲ್ಕು ತುತ್ತು ನುಂಗಲು ಕೂತಳು. ಆಗಲಿಲ್ಲ. ಕಣ್ಣು ಒರೆಸಿಕೊಂಡು ತಲೆಯೆತ್ತಿದರೆ ಎದುರಿಗೆ ಅತ್ತೆ ನಿಧಾನವಾಗಿ ಮೂಳೆ ಚೀಪುತ್ತಿದ್ದಳು. ತಟ್ಟೆ ಖಾಲಿ. ಕೈ ಪಾತ್ರೆಯ ಕಡೆ ಹೋಗುತ್ತಿತ್ತು.

ಸೊಸೆ ಸೌಟು ಕೆಳಗಿಟ್ಟಳು.

"ಯಾವಾಗಿಂದ ಅತ್ತೆ?"

"ಏನು ಯಾವಾಗಿಂದ?"

"ಜ್ವರ ಬಂದಾಗಿಂದ ಅಲ್ವಾ? ಹಾಲು ಸೀದ ದಿನ?"

ಅಜ್ಜಿಯ ಕೈಯಿಂದ ಮೂಳೆ ಜಾರಿ ತಟ್ಟೆಗೆ ಬಿತ್ತು. ಪುಟ್ಟಿಗೂ ತಿಳಿಯಿತು. "ಅಜ್ಜಿ, ಅದಕ್ಕೇ ನನ್ನ ಕೇಳ್ತಿದ್ಯಾ, ಏನಡುಗೆ ಅಂತ?"

"ಹೂಂ ಕಣೇ," ಅಂದಳು ಅಜ್ಜಿ. "ಒಂದು ಚೂರೂ ಇಲ್ಲ. ಏನೂ ಬರಲ್ಲ."

ಮಗ ಬಾಯಲ್ಲಿದ್ದದ್ದನ್ನು ಅಗಿಯುತ್ತ ಎಲ್ಲರ ಮುಖ ನೋಡಿದ. "ಏನಮ್ಮ ನೀನು, ಮಾಂಸ ಚೆನ್ನಾಗೇ ಇದೆ..." ಸೊಸೆ ನಕ್ಕುಬಿಟ್ಟಳು. ನಗುತ್ತ ನಗುತ್ತ ಗೋಡೆಗೆ ಹಣೆ ಹಚ್ಚಿ ಅತ್ತಳು. "ಮನೇಲಿ ಮೂಗಿಲ್ಲದೋರು ಇಬ್ಬರು," ಅಂದಳು. "ಇಬ್ಬರೇ ನಿಂತು ಪರೀಕ್ಷೆ ಮಾಡಿದ್ರಂತೆ. ಸಾಲದ್ದಕ್ಕೆ ನನ್ನನ್ನ ಬಟ್ಟೆ ಒಗೆಯೋಕೆ ಅಟ್ಟಿದ್ರಂತೆ!"

ಬೆಳಿಗ್ಗೆ ಸೊಸೆ ಅತ್ತೆಯನ್ನು ಎಬ್ಬಿಸಿಕೊಂಡು ಮೆಸ್ಸಿಗೆ ಹೊರಟಳು. "ಇದ್ದದ್ದು ಇದ್ದ ಹಾಗೆ ಹೇಳಿ. ಕಾಲು ಹಿಡೀಬೇಕಾದ್ರೆ ನಾನು ಹಿಡೀತೀನಿ." ಮೂರು ಮೈಲಿ ಕಲ್ಲುಪುಡಿಯ ರಸ್ತೆ. ಅವರು ತಲುಪಿದಾಗ ಕೂಲಿಗಳು ತಿಂಡಿಗೆ ಕೂತಿದ್ದರು. ಅಜ್ಜಿ ನಿಂತಲ್ಲೇ ಎಲ್ಲವನ್ನೂ ಹೇಳಿದಳು, ಜ್ವರ, ಹಾಲು, ಪುಟ್ಟಿಯ ಆಟ.

ಯಜಮಾನಿ ದೋಸೆ ಮಗುಚುವ ಕೈ ನಿಲ್ಲಿಸಲಿಲ್ಲ. "ಅವತ್ತು ಗೊತ್ತಿತ್ತು ಅಂದೆ. ಇವತ್ತು ಮೂಗೇ ಇಲ್ಲ ಅಂತೀಯ. ಯಾವುದನ್ನ ನಂಬಲಿ?" ಆಮೇಲೆ ಒಳಗೆ ಹೋಗಿ ಒಂದು ಸ್ಟೀಲ್ ಲೋಟ ತಂದುಕೊಟ್ಟಳು. "ಇರಲಿ, ಬಿಸಿಲಲ್ಲಿ ನಡೆದು ಬಂದಿದ್ದೀಯ. ಮೊದಲು ನೀರು ಕುಡಿ."

ಅಜ್ಜಿಗೆ ನಿಜಕ್ಕೂ ಬಾಯಾರಿತ್ತು. ಎರಡೂ ಕೈಯಲ್ಲಿ ಲೋಟ ಹಿಡಿದು ಬಾಯಿಗೆ ಎತ್ತಿದಳು. ತುಟಿ ತಾಗುವಷ್ಟರಲ್ಲಿ ಯಜಮಾನಿಯೇ ಮುಂದೆ ನುಗ್ಗಿ ಕೈಗೆ ಹೊಡೆದಳು. ಲೋಟ ಠಣ್ ಅಂತ ಕಲ್ಲಿನ ಮೇಲೆ ಬಿತ್ತು. ಎಂಟು ಹತ್ತು ಜನ ಕೂಲಿಗಳು ತಿಂಡಿ ಬಿಟ್ಟು ಎದ್ದು ನಿಂತರು. ನೆಲದ ತುಂಬ ಸೀಮೆಎಣ್ಣೆ.

"ಅಯ್ಯೋ ಪಾಪ, ಕುಡಿದೇಬಿಡ್ತಿದ್ದಳಲ್ಲ," ಅಂದ ಒಬ್ಬ.

ಯಜಮಾನಿ ಬಿದ್ದ ಲೋಟವನ್ನು ಎತ್ತಿ ಪಕ್ಕಕ್ಕಿಟ್ಟಳು. "ನಂಬಿದೆ," ಅಂದಳು. "ನಂಬಿದೆ ಅಜ್ಜಿ. ಕೂತ್ಕೋ."

"ಹಾಗಾದ್ರೆ ಮುಂದಿನ ವಾರದಿಂದ..." ಎಂದು ಸೊಸೆ ಶುರು ಮಾಡಿದಳು.

"ಮೂಗಿಲ್ಲದ ಮನೆಯಿಂದ ಮಾಂಸ ಹೇಗಮ್ಮ ತಗೊಳ್ಳಲಿ? ನನಗೂ ಅರವತ್ತು ಜನ ಉಣ್ಣೋರಿದ್ದಾರೆ."

"ನನಗೆ ಮೂಗಿದೆಯಲ್ಲ!"

"ಇತ್ತಾ? ಆವತ್ತು ಎಲ್ಲಿತ್ತು?"

ಅಜ್ಜಿ ತಲೆ ತಗ್ಗಿಸಿದಳು. ಸೊಸೆ ಅತ್ತೆಯ ನೆತ್ತಿಯನ್ನು ನೋಡಿದಳು, ಆಮೇಲೆ ಯಜಮಾನಿಯನ್ನು.

"ಬಟ್ಟೆ ಒಗೆಯೋಕೆ ಹೋಗಿದ್ದೆ," ಅಂದಳು. "ನಂದೇ ತಪ್ಪು."

"ಆಚೆ ಊರಿನವನಿಗೆ ಹೇಳಿಯಾಗಿದೆ. ನಿನ್ನೆಯಿಂದ ಅವನೇ ಹಾಕ್ತಿದ್ದಾನೆ," ಎಂದು ಯಜಮಾನಿ ಕಾವಲಿಯ ಕಡೆ ತಿರುಗಿದಳು. ಹೊರಡುವಾಗ ಆರು ದೋಸೆ ಕಾಗದದಲ್ಲಿ ಸುತ್ತಿ ಕೊಟ್ಟಳು. ಅಷ್ಟೇ.

ಆ ಸಂಜೆ ಮಗ ಎಳೆಯ ಹಂದಿಗಳೆರಡನ್ನೂ ನೋಡಿಕೊಂಡು ಬಹಳ ಹೊತ್ತು ಕೊಟ್ಟಿಗೆಯಲ್ಲಿ ನಿಂತಿದ್ದ. ಅವುಗಳ ಬೆನ್ನಮೂಳೆ ಎಣಿಸುವ ಹಾಗಾಗಿತ್ತು. ಒಳಗೆ ಬಂದರೆ ಅಜ್ಜಿ ಎರಡು ಸೀರೆ, ಒಂದು ಹೊದಿಕೆಯನ್ನು ಚೀಲಕ್ಕೆ ತುಂಬುತ್ತಿದ್ದಳು. ಅವನು ಗೋಡೆಯ ಕಡೆ ಸರಿದು ದಾರಿ ಬಿಟ್ಟು ನಿಂತ. ತಾನೇ ಹೇಳಬೇಕಿದ್ದದ್ದನ್ನು ಅವಳು ಮಾಡುತ್ತಿದ್ದಳು.

"ಎಲ್ಲಿಗೆ ಅತ್ತೆ?" ಸೊಸೆ ಅಡುಗೆಮನೆಯಿಂದ ಬಂದು ಚೀಲ ಕಿತ್ತುಕೊಂಡಳು.

"ಬಿಡೇ. ಈ ಮನೇಲಿ ಇನ್ನು ನಂದೇನು ಕೆಲಸ?"

"ಉಪ್ಪಿನಲ್ಲಿ ದಣಿ ಇನ್ನೂ ಮುಕ್ಕಾಲು ಪಾಲು ಇದೆ. ನನಗೂ ಪುಟ್ಟಿಗೂ ಇಳಿಯಲ್ಲ. ಇವರೊಬ್ಬರೇ ಎಷ್ಟು ತಿಂತಾರೆ? ನೀವಿಬ್ಬರೂ ಅದನ್ನ ತಿಂದ್ರೆ ಇರೋ ಅಕ್ಕಿ ಮಗೂಗೆ ಉಳಿಯುತ್ತೆ." ಚೀಲವನ್ನು ಮೂಲೆಗೆ ಎಸೆದಳು. "ಅಷ್ಟು ಕೆಲಸ ಇದೆ. ಬನ್ನಿ, ಕೂತ್ಕೊಳ್ಳಿ."

ನಾಲ್ಕು ತಟ್ಟೆ ಹಾಕಿದಳು. ಎರಡಕ್ಕೆ ಗಂಜಿ ಮತ್ತು ಒಂದೊಂದು ದೋಸೆ. ಎರಡಕ್ಕೆ ದಣಿಯ ಮಾಂಸ. ಪುಟ್ಟಿ ತನ್ನ ತಟ್ಟೆಯನ್ನು ಬಾಗಿಲ ಹೊರಗೆ ಒಯ್ದು ಕೂತಳು. ಸೊಸೆ ಮೂಗಿನ ಬಟ್ಟೆ ಬಿಚ್ಚದೆ ಬಡಿಸಿದಳು.

ಅಜ್ಜಿ ಒಂದು ತುಂಡು ಕೈಗೆತ್ತಿಕೊಂಡು ನೋಡಿದಳು.

"ಹೇಗಿರುತ್ತೇ ಅದರ ವಾಸನೆ?" ಎಂದು ಕೇಳಿದಳು. "ನಲವತ್ತು ವರ್ಷ ಮೂಸಿದ್ದೀನಿ, ಈಗ ಜ್ಞಾಪಕಕ್ಕೇ ಬರ್ತಿಲ್ಲ. ಹೇಗಿರುತ್ತೆ, ಹೇಳು."

"ಬೇಡ ಅತ್ತೆ," ಅಂದಳು ಸೊಸೆ. "ಹೇಳಿದ್ರೆ ನಿಮಗೂ ಇಳಿಯಲ್ಲ. ಸುಮ್ಮನೆ ತಿನ್ನಿ."

ಅಜ್ಜಿ ತಿಂದಳು.